ಅರ್ಧ ಬಿಚ್ಚಿದ ಚಕ್ರ

ಕಳ್ಳನ ಕಾಲರ್ ನನ್ನ ಕೈಯಲ್ಲಿತ್ತು. ಅವನ ಹಲ್ಲು ನನ್ನ ಮಣಿಕಟ್ಟಿನಲ್ಲಿತ್ತು!

ಗೋಡೆಗೆ ಒತ್ತಿದೆ. ಕಚ್ಚುವುದು ಬಿಟ್ಟ.

ಜಾಗ... ಆಸ್ಪತ್ರೆಯ ಹಿಂದಿನ ಲಾಂಡ್ರಿ. ಹೊತ್ತು ಮಟಮಟ ಮಧ್ಯಾಹ್ನ. ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾರ ಮೇಲೂ ನಂಬಿಕೆಯಿಲ್ಲ. ಇಪ್ಪತ್ತು ವರ್ಷ ಫ್ಯಾಕ್ಟರಿ ಗೇಟಿನಲ್ಲಿ ಜನರ ಊಟದ ಡಬ್ಬಿ ತೆಗೆಸಿ ನೋಡಿದವನು ನಾನು.

ಒಂದೇ ವಾರದಲ್ಲಿ ಆಸ್ಪತ್ರೆಯ ಸ್ಟ್ಯಾಂಡಿನಿಂದ ಮೂರು ಸೈಕಲ್ಲಿನ ಮುಂದಿನ ಚಕ್ರ ಮಾಯ! ನನ್ನ ಅಕ್ಕ ಅಲ್ಲಿ ನರ್ಸ್. ಅವಳ ಸೈಕಲ್ಲಿಗೂ ಅದೇ ಥರದ ಚಕ್ರ. ನಟ್ಟಿಲ್ಲ, ಬರೀ ಲಿವರ್. ಬೆರಳಲ್ಲಿ ಎತ್ತಿದರೆ ಚಕ್ರ ಕೈಗೆ ಬರುತ್ತದೆ.

"ನಾನು ಕಾಯ್ತೀನಿ ಬಿಡಕ್ಕ" ಎಂದಿದ್ದೆ. ಸ್ಟ್ಯಾಂಡಿನವನ ಮೇಲೆ ಅನುಮಾನ. ವಾಚ್‌ಮನ್ ಮೇಲೆ ಅನುಮಾನ. ನನ್ನನ್ನು ನೋಡಿ ನಕ್ಕ ಡಾಕ್ಟರ್ ಮೇಲೂ!

ಇವತ್ತು ಈ ಆಸಾಮಿ ಅಕ್ಕನ ಸೈಕಲ್ ಪಕ್ಕ ಕುಕ್ಕರುಗಾಲಲ್ಲಿ ಕೂತ. ಗುಡುಗಿದೆ. ಓಡಿದ. ಎರಡು ವಾರ್ಡು, ಒಂದು ಅಡುಗೆಮನೆ... ಒಣಹಾಕಿದ್ದ ಬೆಡ್‌ಶೀಟ್ ಅವನ ಕಾಲಿಗೆ ಸುತ್ತಿಕೊಳ್ಳದಿದ್ದರೆ ನನ್ನ ಕೈಗೆ ಸಿಗುತ್ತಲೇ ಇರಲಿಲ್ಲ.

"ಚಕ್ರ ಎಲ್ಲಿ?"

"ಅಲ್ಲೇ ಇದೆ ಸಾರ್. ಲಿವರ್ ಎತ್ತಿದ್ದೆ, ಅಷ್ಟರಲ್ಲಿ ನೀವು ಕಿರುಚಿದ್ರಿ."

"ಸುಳ್ಳು!"

"ದೇವ್ರಾಣೆ! ಚಕ್ರ ಸುಮ್ನೆ ಕೂತಿದೆ, ಹಿಡಿತ ಇಲ್ಲ... ಸಾರ್, ನಿಮ್ಮ ಹಿಂದೆ ಹೋಗ್ತಿರೋದು ಆ ಸೈಕಲ್ಲೇ ಅಲ್ವಾ?"

ಹಳೇ ಟ್ರಿಕ್! ನಾನು ತಿರುಗಲಿಲ್ಲ.

ಬೆಲ್ ಕೇಳಿಸಿತು. ಅಕ್ಕನ ಒಡಕು ಬೆಲ್.

ತಿರುಗಿದೆ. ಅಕ್ಕ ಗೇಟು ದಾಟುತ್ತಿದ್ದಳು. ಮುಂದೆ ಇಳಿಜಾರು. ಅದರ ತುದಿಗೆ ಲಾರಿಗಳು ಓಡಾಡುವ ರಸ್ತೆ.

"ಅಕ್ಕಾ!"

ಕೇಳಿಸಲಿಲ್ಲ.

"ಬಿಡಿ ಸಾರ್, ನಾನು ಹಿಡೀತೀನಿ!"

"ಬಿಟ್ರೆ ಓಡಿಹೋಗ್ತೀಯ!"

"ಹೌದು, ಆ ಕಡೆಗೇ! ಈ ಹೊಟ್ಟೆ ಹೊತ್ಕೊಂಡು ನೀವು ಓಡ್ತೀರಾ?"

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಂದು ಕಾಲರ್ ಬಿಟ್ಟೆ.

ಇಳಿಜಾರು ಸುತ್ತಿಕೊಂಡು ಬರುವ ತಿರುವಿಗೆ ಅವನು ಆಸ್ಪತ್ರೆಯ ಕಾಂಪೌಂಡ್ ಗೋಡೆ ಹಾರಿ ಬಿದ್ದ. ಎದ್ದ. ಕ್ಯಾರಿಯರ್ ಹಿಡಿದು ಜಗ್ಗಿದ. ಸೈಕಲ್ ರಸ್ತೆಯ ಉಬ್ಬಿಗೆ ತಗುಲಿತು. ಅಕ್ಕ ಅವನ ಮೇಲೇ ಉರುಳಿದಳು. ಚಕ್ರ ಕಳಚಿ, ಒಂಟಿಯಾಗಿ ಇಳಿಜಾರು ಇಳಿದು, ಲಾರಿಯ ಕೆಳಗೆ ಅಪ್ಪಚ್ಚಿಯಾಯಿತು.

ನಾನು ಏದುಸಿರು ಬಿಡುತ್ತಾ ಮುಟ್ಟುವಷ್ಟರಲ್ಲಿ ಅಕ್ಕ ಅವನ ಮೊಣಕೈಗೆ ಬ್ಯಾಂಡೇಜ್ ಸುತ್ತುತ್ತಿದ್ದಳು. ಅವಳಿಗೆ ಒಂದು ಗೀರೂ ಇಲ್ಲ. ನನಗೆ ಅಳುವೇ ಬಂತು.

"ಲಿವರ್ ತೆಗ್ಸಿ, ಕೀ ಇಲ್ದೆ ಬಿಚ್ಚೋಕಾಗದಂಥ ಬೋಲ್ಟ್ ಹಾಕ್ಸಿ ಅಮ್ಮಾ" ಅನ್ನುತ್ತಿದ್ದ ಕಳ್ಳ. "ಒಂದು ನಿಮಿಷ ಜಾಸ್ತಿ ಹಿಡಿಯುತ್ತೆ ಅಂದ್ರೆ ನಮ್ಮಂಥೋರು ಪಕ್ಕದ ಸೈಕಲ್ ನೋಡ್ಕೋತೀವಿ."

ಅಕ್ಕ ನನ್ನ ಕಡೆ ತಿರುಗಿದಳು. "ಇವನ್ನ ಅಟ್ಟಿಸ್ಕೊಂಡು ಹೋಗೋ ಮುಂಚೆ ಚಕ್ರ ಒಂದ್ಸಲ ಮುಟ್ಟಿ ನೋಡಿದ್ಯೇನೋ?"

ನೋಡಿರಲಿಲ್ಲ.

ಹೊಸ ಚಕ್ರ ಬಂತು. ಬೋಲ್ಟ್ ಹಾಕಿಸಿದ್ದೂ ಆಯಿತು. ಆದರೂ ಅಕ್ಕ ಸೈಕಲ್ ಹತ್ತುವ ಮುಂಚೆ ದಿನಾ ಚಕ್ರ ಅಲುಗಾಡಿಸಿ ನೋಡುತ್ತಾಳೆ... ಕಳ್ಳನ ಭಯಕ್ಕಲ್ಲ, ನನ್ನ ಕಾವಲಿನ ಭಯಕ್ಕೆ!