ಎರಡು ಮನೆಗೊಂದು ಚಿಮಣಿ

ಹೊಗೆ ಚಿಮಣಿಯಿಂದ ಬರಲಿಲ್ಲ. ಪಕ್ಕದ ಮನೆಯ ಮುಂಬಾಗಿಲಿನಿಂದ ಬಂತು. ಅದರ ಹಿಂದೆಯೇ ಕೆಮ್ಮುತ್ತಾ ಒಬ್ಬ ಗಂಡಸು ಬಂದ.

ಹೆಟ್ಟಿ ಆಂಬರ್ ಸ್ಟ್ರೀಟಿನ ನಡುವೆ ಕತ್ತೆತ್ತಿ ನಿಂತಿದ್ದಳು. ಚಿಮಣಿ ಗುಡಿಸುವ ಡೊರೀನ್ ಅವಳ ಅಗ್ಗಿಷ್ಟಿಕೆಯಲ್ಲಿ ಚಿಮಣಿ ಪರೀಕ್ಷಿಸುವ ಹೊಗೆಗುಳಿಗೆ ಹಚ್ಚಿ, "ಹೊರಗೆ ಹೋಗಿ ನೋಡು ಕೂಸೇ, ಮೇಲಿಂದ ಹೊಗೆ ಬಂದ್ರೆ ಕೂಗು" ಎಂದು ಕಳಿಸಿದ್ದಳು.

"ಬಂತಾ?" ಡೊರೀನ್ ಒಳಗಿನಿಂದಲೇ ಕೇಳಿದಳು.

"ಬಂತು. ಹಲ್ಲಿನ ಡಾಕ್ಟರ ಮನೆಯಿಂದ!"

ಹಲ್ಲಿನ ಡಾಕ್ಟರ್ ಡಂಕನ್‌ನ ಬಿಳಿ ಅಂಗಿ ಬೂದುಬಣ್ಣವಾಗಿತ್ತು, ಕೆಂಚು ಹುಬ್ಬು ಕಪ್ಪಾಗಿತ್ತು. ಆದರೂ ಅವನು ಸಭ್ಯನಾಗಿ ಹತ್ತಿರ ಬಂದು, "ಕ್ಷಮಿಸಿ, ತೊಂದರೆ ಕೊಡ್ತಿದ್ದೀನಿ. ನನ್ನ ಮನೆಗೆ ಬೆಂಕಿ ಬಿದ್ದ ಹಾಗಿದೆ" ಎಂದ.

"ಬೆಂಕಿಯಲ್ಲ. ಅದು ನನ್ನ ಹೊಗೆ."

"ಓ. ಹಾಗಾದ್ರೆ ಪರವಾಗಿಲ್ಲ."

ಹೆಟ್ಟಿಗೆ ನಗು ಬರಬೇಕಿತ್ತು, ಬರಲಿಲ್ಲ. ಆರು ತಿಂಗಳಿಂದ ಅವಳಿಗೆ ಇವನ ಮೇಲೆ ಎರಡು ಕೋಪಗಳಿದ್ದವು. ನಡುಗೋಡೆ ಹಂಚಿಕೊಂಡ, ವಿಕ್ಟೋರಿಯಾ ಕಾಲದ ಜೋಡಿಮನೆ ಅದು. ಅದರಲ್ಲಿ ತನ್ನ ಅರ್ಧಕ್ಕೆ ಅವನು ಹಳೆಯ ಅಂದ ಕೆಡುವಂತೆ ಪ್ಲಾಸ್ಟಿಕ್ ಕಿಟಕಿ ಹಾಕಿಸಿದ್ದ. ಎರಡನೆಯದು ಅವನ ರೇಡಿಯೊ. ಹೊತ್ತಿಲ್ಲ ಗೊತ್ತಿಲ್ಲ, ಇದ್ದಕ್ಕಿದ್ದಂತೆ ಕಿವಿ ಕಿತ್ತುಹೋಗುವಂತೆ ಅರಚುತ್ತಿತ್ತು.

ಇಬ್ಬರೂ ಹೆಟ್ಟಿಯ ಮನೆಯೊಳಗೆ ಬಂದಾಗ ಡೊರೀನ್ ಟಾರ್ಚ್ ಹಿಡಿದು ಚಿಮಣಿಯೊಳಗೆ ತಲೆ ತೂರಿಸಿದಳು. ಹೊರಗೆ ಬಂದಾಗ ಅವಳ ಹಲ್ಲು ಮಾತ್ರ ಬೆಳ್ಳಗಿತ್ತು.

"ಎರಡು ಮನೆ ಹೊಗೆದಾರಿ ನಡುವಿನ ಗೋಡೆ ಉದುರಿದೆ. ಇಷ್ಟಗಲ ತೂತು. ನೀವಿಬ್ರೂ ಒಂದೇ ಚಿಮಣೀಲಿ ಸಂಸಾರ ಮಾಡ್ತಿದ್ದೀರಿ ಕಣ್ರಿ! ಅದನ್ನ ಮುಚ್ಚೋ ತನಕ ಇಲ್ಲಿ ಕಡ್ಡಿ ಗೀರಬೇಡ."

ಹೆಟ್ಟಿಯ ಮುಖ ಸಪ್ಪಗಾಯಿತು.

ಈ ಬದಿಯ ಮನೆ ಅವಳ ಅಜ್ಜಿಯದು. ಅಜ್ಜಿಯ ನಂತರ ಅರ್ಧ ಪಾಲು ಹೆಟ್ಟಿಗೆ ಬಂತು, ಉಳಿದರ್ಧ ಅಜ್ಜಿಯ ಮಗಳು ವಿನ್ನಿ ಅತ್ತೆಗೆ ಹೋಯಿತು. ಅತ್ತೆಗೆ ಆ ಮನೆಯೆಂದರೆ ಚಳಿ. ಬಾಲ್ಯವನ್ನೆಲ್ಲ ಅಲ್ಲಿ ನಡುಗಿಕೊಂಡೇ ಕಳೆದವಳು. "ಕ್ರಿಸ್‌ಮಸ್ ಹಿಂದಿನ ದಿನ ಚಹಾಕ್ಕೆ ಬರ್ತೀನಿ. ಆ ಮುಂದಿನ ಕೋಣೇಲಿ ಕೂತಾಗ ನನಗೆ ಕೋಟು ಬಿಚ್ಚಬೇಕು ಅನ್ನಿಸಿದ್ರೆ ನನ್ನ ಪಾಲೂ ನಿಂದೇ. ಅನ್ನಿಸದಿದ್ರೆ ಮಾರಿಬಿಡೋಣ. ರಜಕ್ಕೆ ಬರೋರಿಗೆ ಫ್ಲ್ಯಾಟ್ ಕಟ್ಟೋನು ಬಾಗಿಲಲ್ಲೇ ಕಾಯ್ತಿದ್ದಾನೆ" ಎಂದಿದ್ದಳು.

ಕಾಲಿನ್ ತೀರಿಹೋಗಿ ಎರಡು ವರ್ಷವಾಗಿತ್ತು. ಗಂಡ ಹೋದ ಮೇಲೆ ಹೆಟ್ಟಿಗೆ ಏನೂ ಬೇಕೆನಿಸಿರಲಿಲ್ಲ. ಗಡಿಯಾರ ನೋಡಿ ಉಣ್ಣುತ್ತಿದ್ದಳು, ಗಡಿಯಾರ ನೋಡಿ ಮಲಗುತ್ತಿದ್ದಳು. ಈ ಮನೆಗೆ ಬಂದು ಗೋಡೆಯ ಕಾಗದವನ್ನು ಪದರ ಪದರವಾಗಿ ಸುಲಿಯತೊಡಗಿದಾಗ, ಎಲ್ಲಕ್ಕಿಂತ ಅಡಿಯಲ್ಲಿ, ದಾಳಿಂಬೆ ಬಿಟ್ಟ ಹಸಿರು ಬಳ್ಳಿಯೊಂದು ಕಂಡಿತು. ಮೊದಲ ಸಲ ಗೋಡೆಗೆ ಅಂಟಿಸಿದ ಕಾಗದ. ಅಂಥದ್ದೇ ಮತ್ತೆ ಬೇಕು ಅನಿಸಿತು. ಆ ಗೋಡೆ, ಆ ಕೋಣೆ, ಆ ಮನೆ. ಬೇಕು.

"ಒಂದು ನಿಮಿಷ," ಎಂದು ಡಂಕನ್ ತನ್ನ ಮನೆಯೊಳಗೆ ಹೋದ. ಮರುಕ್ಷಣ ಅವನ ದನಿ ಹೆಟ್ಟಿಯ ಅಗ್ಗಿಷ್ಟಿಕೆಯಿಂದಲೇ ಬಂತು. ಕಿವಿಯ ಪಕ್ಕ ನಿಂತು ಹೇಳಿದಷ್ಟು ಹತ್ತಿರ.

"ನಿಮ್ಮ ಟಾರ್ಚ್ ಬೆಳಕು ಇಲ್ಲಿಗೆ ಕಾಣ್ತಿದೆ."

 ಆರು ತಿಂಗಳಿಂದ ಈ ಕೋಣೆಯಲ್ಲಿ ಗೋಡೆ ಸುಲಿಯುತ್ತಾ ಹೆಟ್ಟಿ ಕಾಲಿನ್ ಜೊತೆ ಮಾತಾಡಿದ್ದಳು. ಗಟ್ಟಿಯಾಗಿ. ಎಲ್ಲವನ್ನೂ.

ಡೊರೀನ್ ಕುಂಚ ಕಟ್ಟಿಕೊಂಡು ಹೊರಟಳು. ಹೆಟ್ಟಿ ಒಲೆಯ ಮುಂದೆ ಮಂಡಿಯೂರಿದಳು.

"ಎಷ್ಟು ಕೇಳಿಸಿದೆ ನಿಮಗೆ?"

ಆಚೆ ಡಂಕನ್ ನೆಲಕ್ಕೆ ಕೂತ ಸದ್ದಾಯಿತು.

"ಮೊದಲು ನಿಮ್ಮ ಮನೇಲಿ ಯಾರೋ ಇದ್ದಾರೆ ಅಂದ್ಕೊಂಡೆ. ಈ ಕಾಲಿನ್ ಭಾರೀ ಮಿತಭಾಷಿ ಇರಬೇಕು ಅಂತ. ಆಮೇಲೆ ಗೊತ್ತಾಯ್ತು."

"ಹೇಳಬಾರದಿತ್ತಾ?"

"ಏನಂತ ಹೇಳಲಿ? ಕ್ಷಮಿಸಿ, ನಿಮ್ಮ ದುಃಖ ನನ್ನ ಒಲೆಯಿಂದ ಬರ್ತಿದೆ ಅಂತಲಾ? ಬಾಯಿ ಬರಲಿಲ್ಲ. ಅದಕ್ಕೇ ನೀವು ಅವರ ಹೆಸರು ಎತ್ತಿದ ತಕ್ಷಣ ರೇಡಿಯೊ ಹಾಕ್ತಿದ್ದೆ. ಕೇಳಿಸಬಾರದು ಅಂತ."

ಹೆಟ್ಟಿಗೆ ಒಂದೊಂದೇ ನೆನಪಾಯಿತು. ರೇಡಿಯೊ ಅರಚಿದಾಗಲೆಲ್ಲ ಪೊರಕೆಯ ಹಿಡಿಯಿಂದ ಗೋಡೆ ಗುದ್ದಿ, 'ನೋಡು ಕಾಲಿನ್, ಈ ದರಿದ್ರ ಮನುಷ್ಯನ್ನ' ಎಂದು ಗಂಡನಿಗೇ ದೂರು ಹೇಳುತ್ತಿದ್ದಳು. ಪಾಪ, ಹೆಸರು ಕೇಳಿದವನು ಸದ್ದು ಇನ್ನಷ್ಟು ಏರಿಸುತ್ತಿದ್ದ.

ಮೊದಲು ನಾಚಿಕೆಯಾಯಿತು. ಆಮೇಲೆ ಗಂಟಲಿನಿಂದ ಏನೋ ಉಕ್ಕಿ ಬಂತು. ನಗು.

"ದರಿದ್ರ ಅಂದಿದ್ದೂ ಕೇಳಿಸ್ತಾ?"

"ಅದೊಂದು ಚೆನ್ನಾಗಿ ಕೇಳಿಸ್ತು," ಎಂದ ಡಂಕನ್. "ಹೆಟ್ಟಿ, ತೂತು ನಾನೂ ಸೇರಿ ಮುಚ್ತೀನಿ. ಹುಳುಕು ತುಂಬೋದೇ ನನ್ನ ಕಸುಬು."

ಅಂದಿನಿಂದ ಅವನು ದವಾಖಾನೆ ಮುಗಿಸಿ ನೇರ ಇಲ್ಲಿಗೇ ಬರತೊಡಗಿದ. ಚಾವಣಿಯ ಅಂಚಿನ ಗಾರೆಯ ಹೂಬಳ್ಳಿ ನೂರು ವರ್ಷದ ಬಣ್ಣ ತುಂಬಿ ಮುದ್ದೆಯಾಗಿತ್ತು. ಡಂಕನ್ ಹಲ್ಲು ಕೆರೆಯುವ ಹಳೆಯ ಕಡ್ಡಿಗಳನ್ನು ತಂದು, ಏಣಿ ಹತ್ತಿ, ಎಸಳು ಎಸಳಾಗಿ ಬಿಡಿಸಿದ.

"ಸ್ವಲ್ಪ ಬಾಯಿ ಅಗಲಿಸಿ," ಎಂದು ಗಾರೆಯ ಗುಲಾಬಿಗೆ ಹೇಳಿದ. "ನೋವಾದ್ರೆ ಕೈಯೆತ್ತಿ."

"ಅದು ನಿಮ್ಮ ಫೀಸ್ ಕೇಳಿ ಮೂರ್ಛೆ ಹೋಗಿದೆ," ಎಂದಳು ಕೆಳಗಿನಿಂದ ಹೆಟ್ಟಿ.

ಅವನು ತಿರುಗಿ ನೋಡಿದ. ರೆಪ್ಪೆಯ ಮೇಲೆಲ್ಲ ಬಿಳಿ ಪುಡಿ. ಅವಳು ನೋಟ ಕಿತ್ತುಕೊಂಡು ಅಂಟಿನ ಬಕೆಟ್ಟಿಗೆ ಕೈ ಹಾಕಿದಳು, ಕುಂಚ ಅಲ್ಲಿರಲಿಲ್ಲ. ಕೈಯಲ್ಲೇ ಇತ್ತು.

ದಾಳಿಂಬೆ ಬಳ್ಳಿಯ ಹೊಸ ಕಾಗದ ಗೋಡೆಗೆ ಏರಿತು. ಬಣ್ಣ ಹಚ್ಚಿ ಬಿಗಿದುಹೋಗಿದ್ದ, ಹಗ್ಗದಿಂದ ಮೇಲೆ ಸರಿಯುವ ಕಿಟಕಿ, ಹೊಸ ಹಗ್ಗ ಕಟ್ಟಿದ ಮೇಲೆ, ಒಂದೇ ಬೆರಳಿಗೆ ಮೇಲೆದ್ದಿತು. ಎರಕದ ಕಬ್ಬಿಣದ ಅಗ್ಗಿಷ್ಟಿಕೆ ಕಪ್ಪು ಕನ್ನಡಿಯಂತೆ ಹೊಳೆಯಿತು. ಉಳಿದದ್ದು ಬೆಂಕಿ.

ತೂತು ಮುಚ್ಚಲು ಇಬ್ಬರೂ ತಂತಮ್ಮ ಒಲೆಯೊಳಗೆ ಕೂತು ಕೈ ಮೇಲೆತ್ತಿದರು. ಅವನು ದವಾಖಾನೆಯ ತೆಳು ಕೈಗವಸು ತಂದಿದ್ದ. ಅವಳು ಈ ಕಡೆಯಿಂದ ಸುಣ್ಣದ ಗಾರೆ ಮೆತ್ತುವುದು, ಅವನು ಆ ಕಡೆಯಿಂದ ಇಟ್ಟಿಗೆ ಕೂರಿಸುವುದು. ಮಸಿ ಕಣ್ಣಿಗೆ ಬೀಳುತ್ತಿತ್ತು. ಕೊನೆಗೆ ಒಂದೇ ಒಂದು ಇಟ್ಟಿಗೆಯ ಜಾಗ ಉಳಿಯಿತು.

"ಇದನ್ನಿಟ್ರೆ ಆಮೇಲೆ ನಿಮ್ಮ ಮಾತು ಕೇಳಿಸೋದಿಲ್ಲ," ಎಂದ ಡಂಕನ್.

"ಕೇಳಿಸಬಾರದು ಅಂತಲೇ ಅಲ್ವಾ ಮುಚ್ತಿರೋದು?"

"ಹೌದು."

ಇಟ್ಟಿಗೆ ಬರಲಿಲ್ಲ. ಅವಳು ಕತ್ತಲಲ್ಲಿ ಅದಕ್ಕಾಗಿ ತಡಕಾಡಿದಳು. ಸಿಕ್ಕಿದ್ದು ಅವನ ಬೆರಳು. ಗವಸಿನೊಳಗೆ ಬೆಚ್ಚಗಿತ್ತು. 

"ಇಡಿ," ಎಂದಳು ಕೊನೆಗೆ.

"ಇಡ್ತಿದ್ದೆ. ನೀವು ಕೈ ಬಿಟ್ರೆ."

ಆ ಸಂಜೆ ಹೆಟ್ಟಿ ಅಭ್ಯಾಸಬಲದಿಂದ "ಕಾಲಿನ್," ಎಂದಳು.  ಹೇಳಬೇಕಾದದ್ದು ಬಹಳವಿತ್ತು. ಆದರೆ ಅದೆಲ್ಲ ಉತ್ತರ ಕೊಡಬಲ್ಲವನಿಗೆ ಹೇಳುವ ಮಾತಾಗಿತ್ತು. ಗಂಡನ ಫೋಟೊ ಒರೆಸಿ, ಮಲಗುವ ಕೋಣೆಯ ಕಿಟಕಿಯ ಪಕ್ಕ, ಸಮುದ್ರ ಕಾಣುವಂತೆ ಇಟ್ಟಳು. ಸಮುದ್ರವೆಂದರೆ ಅವನಿಗೆ ಪ್ರಾಣವಾಗಿತ್ತು.

ಗಾರೆ ಒಣಗಿದ ಮೇಲೆ ಡೊರೀನ್ ಮತ್ತೆ ಹೊಗೆಗುಳಿಗೆ ಹಚ್ಚಿದಳು. ಈ ಸಲ ಬೀದಿಯಲ್ಲಿ ನಿಂತವನು ಡಂಕನ್.

"ಬಂತು! ಮೇಲಿಂದಲೇ ಬಂತು!" ಎಂದು ಅವನು ಕೂಗಿದ ಅಬ್ಬರಕ್ಕೆ ಬೀದಿಯ ಬಾಗಿಲುಗಳೆಲ್ಲ ತೆರೆದವು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ಕ್ರಿಸ್‌ಮಸ್ ಹಿಂದಿನ ದಿನ ಸಮುದ್ರದ ಗಾಳಿ ಬೀದಿಯನ್ನು ಹರಿತವಾಗಿ ಕೊಯ್ಯುತ್ತಿತ್ತು. ವಿನ್ನಿ ಅತ್ತೆ ಗಂಟಲಿನವರೆಗೆ ಗುಂಡಿ ಹಾಕಿಕೊಂಡು ಬಂದು ಒಲೆಯ ಮುಂದೆ ಕೂತಳು. ಸೌದೆ ಚಟಪಟ ಉರಿಯುತ್ತಿತ್ತು. ಅತ್ತೆ ಗೋಡೆ ನೋಡಿದಳು, ಚಾವಣಿ ನೋಡಿದಳು, ಸಕ್ಕರೆ ಡಬ್ಬಿ ತರುತ್ತಿದ್ದ ಡಂಕನ್‌ನನ್ನು ನೋಡಿದಳು.

"ಇವನ್ಯಾರೇ?"

"ಪಕ್ಕದ ಮನೆಯವರು, ಅತ್ತೆ."

"ಪಕ್ಕದ ಮನೆಯವನಿಗೆ ನಮ್ಮ ಮನೇಲಿ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಹೇಗೆ ಗೊತ್ತು?"

ಡಂಕನ್ ಡಬ್ಬಿಯನ್ನು ಅತ್ತೆಯ ಮುಂದಿಟ್ಟು ಚಹಾ ಬಗ್ಗಿಸಿದ. ಮೊದಲ ಕಪ್ ಮುಗಿಯಿತು, ಕಿತ್ತಳೆ ಸಿಪ್ಪೆ ಹಾಕಿದ ಬೆಣ್ಣೆ ಕೇಕ್ ಕೂಡ ಮುಗಿಯಿತು. ಕೋಟು ಕದಲಲಿಲ್ಲ.  ಎರಡನೇ ಕಪ್ಪಿಗೆ ಅತ್ತೆಯ ಟೋಪಿ ಕೆಳಗಿಳಿಯಿತು. ಆಮೇಲೆ ಅವಳು ಬೆಂಕಿಯನ್ನು ದಿಟ್ಟಿಸುತ್ತಾ, ಮೈಮರೆತವಳಂತೆ, ಒಂದು ಗುಂಡಿ ಬಿಚ್ಚಿದಳು. ಇನ್ನೊಂದು. ಕೋಟು ತೋಳಿನಿಂದ ಜಾರಿ ಕುರ್ಚಿಯ ಬೆನ್ನಿಗೆ ಬಿತ್ತು.

"ಅಮ್ಮ ಇದನ್ನ ನೋಡಬೇಕಿತ್ತು," ಎಂದಳು ಮೆಲ್ಲಗೆ. ಆಮೇಲೆ ಗದರಿಸುವ ದನಿಯಲ್ಲಿ, "ತಗೋ, ಮನೆ ನಿಂದು. ಇನ್ನು ನನ್ನನ್ನ ಸುಮ್ಮನೆ ಮಲಗೋಕೆ ಬಿಡು" ಎಂದು ಕಣ್ಣು ಮುಚ್ಚಿದಳು.

ಹೆಟ್ಟಿ ಕಿಟಕಿಯ ಹತ್ತಿರ ಹೋದಳು.  ಡಂಕನ್ ಪಕ್ಕಕ್ಕೆ ಬಂದ.

"ಗೆದ್ರಿ," ಎಂದು ಪಿಸುಗುಟ್ಟಿದ.

"ಇನ್ನೂ ಒಂದಿದೆ." ಅವಳು ಅವನತ್ತ ತಿರುಗಿದಳು. "ಎರಡು ವರ್ಷ ಉತ್ತರ ಬಾರದ ಕಡೆ ಮಾತಾಡಿದೆ. ಈಗ ಬೆಳಿಗ್ಗೆ ಎದ್ರೆ ನಿನಗೆ ಹೇಳೋಣ ಅನ್ಸುತ್ತೆ. ಹಾಲು ಉಕ್ಕಿದ್ದೂ ನಿನಗೇ, ಕನಸು ಬಿದ್ದದ್ದೂ ನಿನಗೇ. ನೀನಂದ್ರೆ ನನಗೆ ಪ್ರೀತಿ, ಡಂಕನ್."

ಅವನ ಕಿವಿ ಅವನ ಕೆಂಚು ಕೂದಲಿಗಿಂತ ಕೆಂಪಾಯಿತು.

"ಆ ಕೊನೇ ಇಟ್ಟಿಗೆ ಇಡೋಕೆ ನಾನ್ಯಾಕೆ ಅಷ್ಟು ಹೊತ್ತು ಮಾಡ್ದೆ ಅಂದ್ಕೊಂಡೆ?" ಎಂದ. "ನಾಳೆಯಿಂದ ನಿನ್ನ ದನಿ ಇಲ್ಲದೆ ಆ ಮನೇಲಿ ಹೇಗಿರಲಿ ಅಂತ."

"ಹಾಗಾದ್ರೆ ಆ ಮನೇಲಿ ಯಾಕಿರ್ತೀಯ?"

ಅವಳು ಅವನ ಕಾಲರ್ ಹಿಡಿದು ಎಳೆದಳು. ಮುತ್ತಿನಲ್ಲಿ ಕಿತ್ತಳೆ ಸಿಪ್ಪೆಯ, ಬೆಣ್ಣೆಯ, ಹೊಗೆಯ ರುಚಿಯಿತ್ತು.

"ಪರದೆ ಎಳೀರೋ," ಎಂದಳು ವಿನ್ನಿ ಅತ್ತೆ ಕಣ್ಣು ತೆರೆಯದೆ. "ಬೀದಿಯವರೆಲ್ಲ ನೋಡ್ತಾರೆ."

"ನೋಡ್ಲಿ ಬಿಡಿ ಅತ್ತೆ," ಎಂದಳು ಹೆಟ್ಟಿ.