ಅಪ್ಪ ಪೋಣಿಸುತ್ತಿದ್ದ ಸೂಜಿಗಳು

"ದಾರದ ತುದೀನ ಓರೆಯಾಗಿ ಕತ್ತರಿಸ್ಕೊಳ್ಳೇ ಕಡ್ಡಿ, ಆಗ ಸಲೀಸಾಗಿ ಹೋಗುತ್ತೆ," ಅಮ್ಮ ಬಾಗಿಲಲ್ಲಿ ನಿಂತು ಹೇಳಿದಳು.

ಅಪ್ಪನನ್ನು ಮಣ್ಣು ಮಾಡಿ, ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಗು. ಹಾಲಿನವನು ಬೆಲ್ ಮಾಡಿದ. ಪಕ್ಕದ ಮನೆಯ ರೇಡಿಯೊ ಹಾಡಿತು. ಎಲ್ಲ ಎಂದಿನಂತೆಯೇ. ಆದರೆ ಕಿಟಕಿಯ ಬಳಿ ಸೂಜಿ ಹಿಡಿದು ಕೂತವಳು ಮಗಳು, ಮನೆಯವರೆಲ್ಲ ಕಡ್ಡಿ ಎಂದು ಕರೆಯುವ ಹುಡುಗಿ. ಅದು ಅಪ್ಪನ ಜಾಗ.

ಅಮ್ಮ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿಯುತ್ತಾಳೆ. ನರದ ಕಾಯಿಲೆಯಿಂದ ಅವಳ ಬೆರಳುಗಳಿಗೆ ಮುಟ್ಟಿದ್ದೇ ತಿಳಿಯುವುದಿಲ್ಲ. ಹೊಲಿಗೆ ಹೇಗೋ ನಡೆಯುತ್ತದೆ, ದಾರ ಪೋಣಿಸುವುದು ಮಾತ್ರ ಆಗದು. ಅದಕ್ಕೇ ಅಪ್ಪ ದಿನಾ ಬೆಳಿಗ್ಗೆ ಸೂಜಿ ಚುಚ್ಚಿಡುವ ಪುಟ್ಟ ಮೆತ್ತೆ ತುಂಬ ಸೂಜಿ ಪೋಣಿಸಿ ಕೊಡುತ್ತಿದ್ದ.

"ಕೆಲಸ ಬಿಟ್ಟುಬಿಡಿ, ಅಂಗವಿಕಲರ ಪಿಂಚಣಿ ಸಿಗುತ್ತೆ," ಎಂದು ಡಾಕ್ಟರು ಎಷ್ಟೋ ಸಲ ಹೇಳಿದ್ದರು. "ಸೂಜಿಗೆ ನಾನಿದ್ದೀನಲ್ಲ ಸಾರ್," ಎಂದು ಅಪ್ಪ ನಗುತ್ತಿದ್ದ.

"ಅಮ್ಮ, ನೀನು ಕೆಲಸ ಬಿಡಲ್ಲ ಅಲ್ವಾ?"

"ಗೊತ್ತಿಲ್ಲ ಮರಿ. ಬಿಡ್ತೀನೋ ಇಲ್ವೋ ಅಂತ ಸೋಮವಾರ ಡಾಕ್ಟರಿಗೆ ಹೇಳ್ಬೇಕು. ಮನೇಲಿ ಗೋಡೆ ನೋಡ್ಕೊಂಡು ಕೂತಿರ್ಲಾ?"

"ಬೇಡ! ನಾನೇ ಪೋಣಿಸ್ತೀನಿ. ಎಲ್ಲಾ ಮೊದಲಿನ ಥರಾನೇ ಇರ್ಲಿ."

ಅಮ್ಮ ಸಂಜೆ ಅಂಟಿನ ವಾಸನೆ ಹೊತ್ತು ಮನೆಗೆ ಬರಬೇಕು. ಅಷ್ಟಾದರೂ ಉಳಿದರೆ ಅಪ್ಪ ಪೂರ್ತಿ ಹೋದಂತಲ್ಲ ಎಂದು ಕಡ್ಡಿಗೆ ಅನಿಸುತ್ತಿತ್ತು.

ಕತ್ತರಿಗಾಗಿ ಅವಳು ಅಪ್ಪನ ಡ್ರಾಯರ್ ಎಳೆದಳು. ಒಳಗೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಭೂತಗನ್ನಡಿಯೊಂದಿತ್ತು.

"ಅಯ್ಯೋ, ವಾಚ್ ರಿಪೇರಿ ಮಾವಂದು!" ಎಂದಳು ಅಮ್ಮ. "ನಿಮ್ಮಪ್ಪಂಗೆ ಸೂಜಿ ಕಣ್ಣೇ ಕಾಣ್ತಿರ್ಲಿಲ್ಲ ಕಣೇ. ಆದ್ರೂ ನಂದು ಹದ್ದಿನ ಕಣ್ಣು ಅಂತ ಜಂಬ ಬೇರೆ! ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ರು."

ಕಡ್ಡಿ ಅದನ್ನು ಕಣ್ಣಿಗೆ ಸಿಕ್ಕಿಸಿಕೊಂಡಳು. ದಾರ ಹಗ್ಗವಾಯಿತು. "ಕೈ ಕೊಡಮ್ಮ," ಎಂದು ತಮಾಷೆಗೆ ಅಮ್ಮನ ಬೆರಳನ್ನೂ ನೋಡಿದಳು.

ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗಾಯ. ಕೆಲವು ಒಣಗಿದ್ದವು, ಒಂದರಲ್ಲಿ ಕೀವು ತುಂಬಿತ್ತು.

"ನೋವಾಗಲ್ವಾ?"

"ಗೊತ್ತೇ ಆಗಲ್ಲ. ಹಾಳೆ ಕೆಂಪಾದಾಗ್ಲೇ ಗೊತ್ತಾಗೋದು."

ಕಡ್ಡಿ ಆ ಬೆರಳನ್ನು ಮೆಲ್ಲಗೆ ಒತ್ತಿದಳು. ಅಮ್ಮನ ರೆಪ್ಪೆ ಕೂಡ ಅಲುಗಲಿಲ್ಲ.

"ನಿಂಗೆ ಅಂಗಡಿ ಅಂದ್ರೆ ತುಂಬಾ ಇಷ್ಟಾನಾ?"

"ಹೊಸ ಪುಸ್ತಕ ಮೊದಲ ಸಲ ತೆಗೆದಾಗ ಕರಕ್ ಅನ್ನುತ್ತಲ್ಲ, ಅದು ಇಷ್ಟ. ಅದನ್ನ ಕೇಳೋಕೆ ನಿಮ್ಮಪ್ಪನೂ ಬಂದು ನಿಲ್ಲೋರು."

"ಬಿಟ್ರೆ ಅಳ್ತೀಯಾ?"

"ಸ್ವಲ್ಪ."

"ನಾನೂ ಅಳ್ತೀನಿ," ಎಂದಳು ಕಡ್ಡಿ. ಆಮೇಲೆ ನೆಲ ನೋಡುತ್ತ, "ಆದ್ರೂ ಬಿಡಮ್ಮ," ಎಂದಳು.

ಅಮ್ಮ ಸೂಜಿಯ ಮೆತ್ತೆಯನ್ನು ಡ್ರಾಯರಿನೊಳಗೆ ಇಟ್ಟಳು. "ಹೂಂ. ಸೋಮವಾರ ಹೇಳಿಬಿಡ್ತೀನಿ," ಎಂದಳು.

ಸಂಜೆ ಭೂತಗನ್ನಡಿ ಹಿಡಿದು ತನ್ನ ಅಂಗಡಿಗೆ ಬಂದ ಕಡ್ಡಿಯನ್ನು ಕಂಡು ವಾಚ್ ರಿಪೇರಿ ಮಾವ ತಲೆಯೆತ್ತಿದ. "ಓಹೋ, ಸಿಕ್ತಾ! ಎರಡು ದಿನಕ್ಕೆ ಅಂತ ಇಸ್ಕೊಂಡು ಎರಡು ವರ್ಷ ಇಟ್ಕೊಂಡ್ರಲ್ಲ ಮಹಾರಾಯ್ರು..." ಕೈಲಿದ್ದ ವಾಚು ಕೆಳಗಿಟ್ಟ. "ಬೇಕಾದ್ರೆ ಇಟ್ಕೋ ಪುಟ್ಟಿ. ನನ್ಹತ್ರ ಬೇರೆ ಇದೆ."

ಅದರ ಅಂಚು ಅಪ್ಪನ ಹುಬ್ಬಿಗೆ ತಾಗಿ ತಾಗಿ ನುಣುಪಾಗಿತ್ತು. ಕಡ್ಡಿ ಅಲ್ಲಿ ಒಮ್ಮೆ ಬೆರಳಾಡಿಸಿದಳು.

"ಬೇಡ ಮಾವ," ಎಂದು ಅದನ್ನು ಮೇಜಿನ ಮೇಲಿಟ್ಟಳು. "ಇನ್ನು ನಮಗೆ ಬೇಕಾಗಲ್ಲ."