ಇವರು ನಿಮಗೇನಾಗಬೇಕು?

ಠಾಣೆ ನಗರದ ಬಾಡಿಗೆ ವ್ಯಾಜ್ಯಗಳ ಟ್ರಿಬ್ಯೂನಲ್ಲಿನ ಕಾರಿಡಾರಿನಲ್ಲಿ ಇದ್ದದ್ದು ಎರಡೇ ಬೆಂಚು. ಒಂದರಲ್ಲಿ ಸುಮೇಧಾ ಮತ್ತು ಅವಳ ತಾಯಿ ಸತ್ಯಭಾಮಾ; ಎದುರಿನದರಲ್ಲಿ ಮನೆ ಮಾಲೀಕ ಯಜ್ಞೇಶ್ವರ ರಾಯರು, ಪಕ್ಕದಲ್ಲಿ ಅವರ ಮಗ ಮನೀಶ. ರಾಯರು ಫೈಲಿನತ್ತ ಬಗ್ಗಿದಾಗಲೆಲ್ಲ ಮನೀಶ ಕಣ್ಣೆತ್ತುತ್ತಿದ್ದ. ಸುಮೇಧಾ ಮುಖ ತಿರುಗಿಸಲು ಹೋಗಿ, ಅದಾಗದೆ, ಸರಿಯಾಗಿಯೇ ಇದ್ದ ದುಪಟ್ಟಾವನ್ನು ಮತ್ತೆ ಸರಿಮಾಡಿಕೊಳ್ಳುತ್ತಿದ್ದಳು. ಹಾಳು ಮನಸ್ಸಿಗೆ ಕೋರ್ಟು ಕಚೇರಿಯ ಭಯವೇ ಇರಲಿಲ್ಲ.

ನೀರಿನ ನೆಪದಲ್ಲಿ ಇಬ್ಬರೂ ಕೂಲರಿನ ಬಳಿ ಸೇರಿದರು.

“ಬೆಳಿಗ್ಗೆ ಎಂತ ತಿಂದಿದ್ದಿ?” ಎಂದ ಮನೀಶ.

“ಎದುರು ಪಾರ್ಟಿಯವರ ಹತ್ತಿರ ಮಾತಾಡಬಾರದಂತೆ.”

“ನೋಡ್ಲಿಕ್ಕೆ ಅಡ್ಡಿ ಇಲ್ಲ ಅಲ್ವಾ?”

“ತಮಾಷೆ ಬೇಡ ಮಾರಾಯ. ಅಮ್ಮನಿಗೆ ಹೋಗ್ಲಿಕ್ಕೆ ಬೇರೆ ಜಾಗ ಇಲ್ಲ.”

“ಗೊತ್ತುಂಟು. ಅಪ್ಪ ಕರ್ಕೊಂಡು ಬಂದ ಸಾಕ್ಷಿಯಾದ್ರೂ ನಾನು ನಿಮ್ಮ ಪರವಾಗಿಯೇ ಹೇಳೋದು.”

ಠಾಕುರ್ಲಿಯಲ್ಲಿ ರಾಯರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲೇ ಸುಮೇಧಾ ಹುಟ್ಟಿ ಬೆಳೆದದ್ದು. ತೀರಿಹೋದ ಅವಳ ತಂದೆ ರಾಯರ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದರು, ರಾಯರಿಗೆ ಜೀವದ ಗೆಳೆಯ. ಗೆಳೆಯನ ಕೈಯಿಂದ ಬಾಡಿಗೆ ತೆಗೆದುಕೊಳ್ಳಲು ರಾಯರಿಗೆ ಸಂಕೋಚ. “ದೇವರ ಮುಂದೆ ಇಟ್ಟುಬಿಡು” ಎನ್ನುತ್ತಿದ್ದರು. ಹಾಗಾಗಿ ಪ್ರತಿ ಸಂಕ್ರಮಣಕ್ಕೆ ಸುಮೇಧಾ ಅವರ ದೇವರ ಕೋಣೆಗೆ ಹೋಗಿ ಲಕೋಟೆ ಇಟ್ಟು ಬರುತ್ತಿದ್ದಳು. ಪ್ರಸಾದ ಕೊಡುವ ನೆಪದಲ್ಲಿ ಮನೀಶ ಅಲ್ಲೇ ಕಾಯುತ್ತಿದ್ದ, ಪ್ರೀತಿ ಬೆಳೆದದ್ದೂ ಅಲ್ಲೇ.

ಈಗ ಹಳೆ ಮನೆ ಕೆಡವಿ ಹೊಸದು ಕಟ್ಟಲು ಬಿಲ್ಡರ್ ಬಂದಿದ್ದ. ಹೊಸ ಕಟ್ಟಡದಲ್ಲಿ ಬಾಡಿಗೆದಾರರಿಗೆ ಮನೆ ಕೊಡಬೇಕು, ಪುಕ್ಕಟೆ ಇದ್ದವರಿಗೆ ಕೊಡಬೇಕಾಗಿಲ್ಲ. ರಾಯರು ವರಸೆ ಬದಲಿಸಿದರು. ಅದು ಬಾಡಿಗೆಯೇ ಅಲ್ಲ, ದೇವರ ಕಾಣಿಕೆ ಎಂದು ಕೇಸು ಹಾಕಿದರು.

ಒಳಗೆ ಅಧಿಕಾರಿ ತಾಯಿ ಮಗಳನ್ನು ತೋರಿಸಿ ಮರಾಠಿಯಲ್ಲಿ ಮನೀಶನನ್ನು ಕೇಳಿದರು: ಇವರು ನಿಮಗೇನಾಗಬೇಕು?

ಮನೀಶ ಸುಮೇಧಾಳನ್ನೇ ನೋಡುತ್ತಾ ಹೇಳಿದ: “ಘರ್‌ಚೀ ಮಾಣಸಂ, ಸಾಹೇಬ್.”

ಮನೆಯವರು. ನಾಲ್ಕು ಜನರೆದುರು ಅವನ ಬಾಯಿಂದ ಈ ಮಾತು ಬರಲಿ ಎಂದು ಅವಳು ಎಷ್ಟು ವರ್ಷ ಹಂಬಲಿಸಿದ್ದಳು! ಕೆನ್ನೆ ಬಿಸಿಯಾಯಿತು. ಅಷ್ಟರಲ್ಲಿ ರಾಯರ ವಕೀಲರು ಖುಷಿಯಿಂದ ಎದ್ದು ನಿಂತರು.

“ನಾವು ಹೇಳುತ್ತಿರುವುದೂ ಅದನ್ನೇ. ಮನೆಯವರು ಎಲ್ಲಾದರೂ ಬಾಡಿಗೆ ಕೊಡುತ್ತಾರೆಯೇ?”

ತಾನು ಆಡಿದ್ದೇನೆಂದು ಮನೀಶನಿಗೆ ಆಗ ಹೊಳೆಯಿತು. ಅವನ ಮುಖ ಕಪ್ಪಿಟ್ಟಿತು.

ಅಧಿಕಾರಿ ಸುಮೇಧಾಳತ್ತ ತಿರುಗಿದರು. ಇವರು ಹೇಳಿದ್ದು ನಿಜವೇ?

ಅಮ್ಮ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ಹೌದೆಂದರೆ ಅಮ್ಮ ಬೀದಿಪಾಲು. ಸುಮೇಧಾ ಅಧಿಕಾರಿಯನ್ನೇ ನೋಡುತ್ತಾ ಹೇಳಿದಳು:

“ಅಲ್ಲ. ಅವರಿಗೂ ನಮಗೂ ಯಾವ ಸಂಬಂಧವೂ ಇಲ್ಲ. ನಾವು ಬಾಡಿಗೆಯವರು, ಅಷ್ಟೇ.”

ಅಧಿಕಾರಿ ಮನೀಶನನ್ನು ಮತ್ತೆ ಕೇಳಿದರು. ಈ ಸಲ ಅವನು ಅವಳತ್ತ ನೋಡಲಿಲ್ಲ.

“ನಾನು ತಪ್ಪಿ ಹೇಳಿದೆ. ದೇವರ ಮುಂದೆ ಇಡ್ತಿದ್ದದ್ದು ಬಾಡಿಗೆಯೇ, ಅಪ್ಪನೇ ಆಮೇಲೆ ತೆಗೆದುಕೊಳ್ತಿದ್ದರು. ಇವರು ನನಗೆ ಏನೂ ಆಗಬೇಕಾಗಿಲ್ಲ.”

ತೀರ್ಪು ಸತ್ಯಭಾಮಾ ಅವರ ಪರವಾಗಿ ಬಂತು.

ಸಂಜೆ ಠಾಣೆ ಸ್ಟೇಷನ್ನಿನ ಬ್ರಿಡ್ಜಿನ ಮೇಲೆ ಮನೀಶ ಕಾದು ನಿಂತಿದ್ದ. ಅಮ್ಮನನ್ನು ಕೆಳಗೆ ಪ್ಲಾಟ್‌ಫಾರ್ಮಿನಲ್ಲಿ ಕೂರಿಸಿ ಸುಮೇಧಾ ಹತ್ತಿ ಬಂದಳು.

“ಅಪ್ಪ ಮನೆಗೆ ಬರ್ಬೇಡ ಅಂದ್ರು. ಮಹಾಪೆಯಲ್ಲಿ ಆಫೀಸಿನ ಹತ್ತಿರವೇ ರೂಮ್ ನೋಡ್ತೇನೆ.”

“ನಾನೂ ಬಂದ್ರೆ?”

“ನಾವಿಬ್ಬರೂ ಸುಳ್ಳು ಹೇಳಿದ್ದು ಅಂತ ಅಪ್ಪ ಅಪೀಲು ಹಾಕ್ತಾರೆ. ನಿನ್ನ ಅಮ್ಮನ ಮನೆ ಹೋಗ್ತದೆ.”

ಅದು ಅವಳಿಗೂ ಗೊತ್ತಿತ್ತು. ಆದರೂ ಕೇಳದೆ ಇರಲಾಗಲಿಲ್ಲ. ಇಬ್ಬರನ್ನೂ ತಳ್ಳಿಕೊಂಡು ಜನ ಹೋಗುತ್ತಲೇ ಇದ್ದರು.

“ಒಂದು ಕೇಳ್ಲಾ?” ಎಂದ ಮನೀಶ. “ಬಾಡಿಗೆಯವರು ಅಂತ ನಿನಗೆ ನಿಜವಾಗಿ ಅನ್ನಿಸಿತ್ತಾ?”

“ಒಂದು ದಿನವೂ ಇಲ್ಲ. ಹಿಂದಿನ ಕೋಣೆಯಿಂದ ಮುಂದಿನ ಮನೆಗೆ ಸೊಸೆಯಾಗಿ ಹೋಗುವವಳು ಅಂತಲೇ ದೊಡ್ಡವಳಾದೆ.”

ಅವನು ನಕ್ಕ. ಕಣ್ಣು ಮಾತ್ರ ತುಂಬಿತ್ತು.

“ಇದನ್ನು ಇನ್ನು ಯಾರ ಹತ್ತಿರವೂ ಹೇಳ್ಬೇಡ, ಸುಮೇಧಾ.”

ಪನ್ವೇಲ್ ಗಾಡಿಯ ಕಡೆಗೆ ಅವನು ಮೆಟ್ಟಿಲಿಳಿದು ಹೋದ. ಸುಮೇಧಾ ಕಣ್ಣೊರೆಸಿಕೊಂಡು ಕೆಳಗೆ ಬಂದು, ಅಮ್ಮನ ಕೈ ಹಿಡಿದು ಕಲ್ಯಾಣದ ಗಾಡಿ ಹತ್ತಿಸಿದಳು.

“ಅಂತೂ ಮನೆ ಉಳೀತಲ್ಲ ಮಗಾ” ಎಂದರು ಅಮ್ಮ.

“ಹೌದಮ್ಮ, ಉಳೀತು.”